ಪಾಮ್ ಡೆಸರ್ಟ್‌ನಿಂದ ಒಂದೇ ದಿನಕ್ಕೆ ಸಮುದ್ರ: ಅಮ್ಮನ ಮಂಡಿಗೆ ಒಗ್ಗುವ ಬೀಚ್ ಯಾವುದು?

ಚಳ್ಳಕೆರೆ ಮಗಳು, ಪಾಮ್ ಡೆಸರ್ಟ್

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಊರಿಂದ ಇಲ್ಲಿಗೆ, ಕ್ಯಾಲಿಫೋರ್ನಿಯಾದ ಮರುಭೂಮಿಯ ಪಾಮ್ ಡೆಸರ್ಟ್‌ಗೆ, ಬಂದು ಮೂರು ವಾರ ಆಯ್ತು. ಬಂದ ದಿನದಿಂದ ಹೊರಗೆ 110 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಮ್ಮಿ ಇಲ್ಲ. ನಮ್ಮೂರ ಸೆಲ್ಸಿಯಸ್ ಲೆಕ್ಕದಲ್ಲಿ 43. ಬೆಳಗ್ಗೆ ಆರಕ್ಕೆ ಒಂದು ಸುತ್ತು ನಡೆದು ಬಂದರೆ ಮುಗೀತು, ಆಮೇಲೆ ಇಡೀ ದಿನ ಎಸಿ ಕೆಳಗೆ. "ಇದಕ್ಕಿಂತ ನಮ್ಮ ಚಳ್ಳಕೆರೆ ಬಿಸಿಲೇ ವಾಸಿ ಕಣೇ" ಅಂತಾರೆ ಅಮ್ಮ.

ಅಮ್ಮನಿಗೆ 67. ಸಮುದ್ರ ನೋಡಿದ್ದು ಒಂದೇ ಸಲ. ಧರ್ಮಸ್ಥಳ, ಉಡುಪಿ ಟೂರ್‌ಗೆ ಹೋದಾಗ ಮಲ್ಪೆಯಲ್ಲಿ ಬಸ್ ನಿಲ್ಲಿಸಿದ್ದರಂತೆ. ಇಳಿದು ದಡದ ಕಡೆ ನಡೆಯುವಷ್ಟರಲ್ಲಿ ಡ್ರೈವರ್ ಹಾರನ್ ಹೊಡೆದ. ದೂರದಿಂದ ನೋಡಿ ವಾಪಸ್. ಅದು ಮೂವತ್ತೈದು ವರ್ಷದ ಹಿಂದಿನ ಮಾತು. ಈಗ ಅವರ ಆಸೆ ಇಷ್ಟೇ: ನೀರಲ್ಲಿ ನಿಲ್ಲಬೇಕು, ಒಂದು ಅಲೆ ಬಂದು ಕಾಲು ತೊಳೆಯಬೇಕು.

ಮಂಡಿ ನೋವಿದೆ. ಸಮತಟ್ಟು ಜಾಗದಲ್ಲಿ ಹತ್ತು ನಿಮಿಷ ನಡೀತಾರೆ. ಮೆಟ್ಟಿಲು ಆಗಲ್ಲ. ಅಪ್ಪನಿಗೆ ಸಮುದ್ರದ ಒಳಗೆ ಚಾಚಿಕೊಂಡಿರುವ ಉದ್ದ ಸೇತುವೆ ಮೇಲೆ ನಡೆಯಬೇಕಂತೆ. ಮಗನಿಗೆ ಐದು ವರ್ಷ, ಅವನಿಗೆ ಮರಳು ಸಿಕ್ಕರೆ ಸಾಕು. ರಾತ್ರಿ ಉಳಿಯೋದಿಲ್ಲ, ಬೆಳಗ್ಗೆ ಹೋಗಿ ರಾತ್ರಿ ಮನೆ. ಎಲ್ಲಿಗೆ ಹೋಗಲಿ?

ರಿವರ್‌ಸೈಡ್ ರಂಗ

ಅಕ್ಕ, ಕಣ್ಣು ಮುಚ್ಚಿಕೊಂಡು ಲಗೂನಾ ಬೀಚ್‌ಗೆ ಹೋಗಿ. ಅಷ್ಟು ಚಂದದ ದಡ ಈ ಕಡೆ ಇನ್ನೊಂದಿಲ್ಲ. ಬಂಡೆ, ಗುಡ್ಡ, ನೀಲಿ ನೀರು. ನಾನು ಪ್ರತಿ ಬೇಸಿಗೆಗೆ ಹೋಗ್ತೀನಿ.

ಮಲ್ಪೆಯಿಂದ ಅರ್ವೈನ್‌ಗೆ

ರಂಗ, ಚಂದ ಹೌದು. ಆದರೆ ಲಗೂನಾದ ಮುಕ್ಕಾಲು ಬೀಚ್‌ಗಳು ಗುಡ್ಡದ ಕೆಳಗಿವೆ. ಮೇಲೆ ರಸ್ತೆಯಲ್ಲಿ ಕಾರು ಬಿಟ್ಟು ಮೆಟ್ಟಿಲು ಇಳಿಯಬೇಕು. ಥೌಸಂಡ್ ಸ್ಟೆಪ್ಸ್ ಅಂತಲೇ ಒಂದು ಬೀಚ್ ಇದೆ. ಹೆಸರಿಗೆ ಸಾವಿರ, ಇರೋದು ಇನ್ನೂರ ಚಿಲ್ಲರೆ ಮೆಟ್ಟಿಲು. ಆದರೂ ಮಂಡಿ ನೋವಿರುವ ತಾಯಿಗೆ ಇನ್ನೂರು ಕಮ್ಮಿನಾ? ಊರ ನಡುವಿನ ಮೇನ್ ಬೀಚ್ ಮಾತ್ರ ಸಮತಟ್ಟು, ರಸ್ತೆ ದಾಟಿದರೆ ಮರಳು. ಅಲ್ಲಿ ಪಾರ್ಕಿಂಗ್ ಸಿಗೋದೇ ಕಷ್ಟ. ಬೇಸಿಗೆಯಲ್ಲಿ ಪುಕ್ಕಟೆ ಟ್ರಾಲಿ ಬಸ್ ಓಡಿಸ್ತಾರೆ, ಕಾರು ದೂರ ಬಿಟ್ಟು ಅದರಲ್ಲಿ ಬರಬಹುದು. ಅಮ್ಮ, ಮಗು, ಚೀಲ, ಕೊಡೆ ಎಲ್ಲ ಹೊತ್ತು ಬಸ್ ಹತ್ತಿ ಇಳಿಯೋದು ಯೋಚನೆ ಮಾಡಿ.

ಹೊಸಬ 22

ಅಷ್ಟು ದೂರ ಯಾಕೆ? ಸಾಲ್ಟನ್ ಸೀ ಪಕ್ಕದಲ್ಲೇ ಇದೆಯಲ್ಲ, ಮುಕ್ಕಾಲು ಗಂಟೆ ಡ್ರೈವ್.

ರಿವರ್‌ಸೈಡ್ ರಂಗ

ಅದು ಹೆಸರಿಗೆ ಸೀ. 1905ರಲ್ಲಿ ಕೊಲರಾಡೊ ನದಿ ಕಾಲುವೆ ಒಡೆದು ನುಗ್ಗಿತು. ಎರಡು ವರ್ಷ ತಗ್ಗಿನಲ್ಲಿ ತುಂಬಿಕೊಂಡ ನೀರು ಅದು. ಹೊರಗೆ ಹೋಗಲು ದಾರಿ ಇಲ್ಲ, ಆವಿಯಾಗಿ ಆಗಿ ಈಗ ಸಮುದ್ರಕ್ಕಿಂತ ಜಾಸ್ತಿ ಉಪ್ಪು. ದಡದಲ್ಲಿ ಕಾಲಿಟ್ಟರೆ ಮರಳಿನ ಜೊತೆ ಮೀನಿನ ಮೂಳೆ ಚೂರು. ಬೇಸಿಗೆಯಲ್ಲಿ ವಾಸನೆ ಬೇರೆ. ಅಲೆಯಲ್ಲಿ ಕಾಲು ತೊಳೆಯಬೇಕು ಅನ್ನೋ ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ, ದಯವಿಟ್ಟು.

ಮಲ್ಪೆಯಿಂದ ಅರ್ವೈನ್‌ಗೆ

ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ. ನಾನು ಹುಟ್ಟಿದ್ದೇ ಕಡಲ ಬದಿಯಲ್ಲಿ. ಇಲ್ಲಿಗೆ ಬಂದ ಮೇಲೆ ಅಪ್ಪ ಅಮ್ಮ, ಅತ್ತೆ ಮಾವ, ಸ್ನೇಹಿತರ ಅಪ್ಪ ಅಮ್ಮ ಅಂತ ಎಷ್ಟು ಜನ ಹಿರಿಯರನ್ನು ಬೀಚ್‌ಗೆ ಕರೆದುಕೊಂಡು ಹೋಗಿದ್ದೀನೋ ಲೆಕ್ಕ ಇಲ್ಲ. ಫೋಟೋ ನೋಡಿ ಬೀಚ್ ಆರಿಸಬೇಡಿ. ಕಾರಿನ ಬಾಗಿಲಿನಿಂದ ನೀರಿಗೆ ಎಷ್ಟು ಹೆಜ್ಜೆ ಅಂತ ನೋಡಿ. ಶೌಚಾಲಯ ಎಷ್ಟು ಹತ್ತಿರ ಅಂತ ನೋಡಿ. ಒಣ ಮರಳಲ್ಲಿ ಐವತ್ತು ಹೆಜ್ಜೆ ಅಂದರೆ ರಸ್ತೆಯಲ್ಲಿ ಇನ್ನೂರು ಹೆಜ್ಜೆಯ ಆಯಾಸ. ಕಾಲು ಹೂತು ಮಂಡಿ ತಿರುಗುತ್ತೆ.

ಹಂಟಿಂಗ್ಟನ್ ಬೀಚ್ ತುಂಬ ಅಗಲ. ಪಾರ್ಕಿಂಗ್ ಧಾರಾಳ, ಪಿಯರ್, ಅಂದರೆ ಸಮುದ್ರದೊಳಗೆ ಚಾಚಿದ ಸೇತುವೆ, 1,850 ಅಡಿ ಉದ್ದ, ನಿಮ್ಮ ಅಪ್ಪನಿಗೆ ಹೇಳಿ ಮಾಡಿಸಿದ್ದು. ಆದರೆ ಆ ಅಗಲವೇ ಅಮ್ಮನಿಗೆ ತೊಂದರೆ. ಕಾರಿನಿಂದ ನೀರಿನವರೆಗೆ ಮರಳೋ ಮರಳು. ದಪ್ಪ ಟೈರಿನ ಗಾಲಿಕುರ್ಚಿ ಅಲ್ಲಿ ಪುಕ್ಕಟೆ ಸಿಗುತ್ತೆ, ಮರಳಿನ ಮೇಲೆ ತಳ್ಳಬಹುದು. ಮೊದಲೇ ಫೋನ್ ಮಾಡಿ ಕೇಳಿ. ಇನ್ನೊಂದು, ಅಲ್ಲಿನ ಅಲೆ ಸರ್ಫಿಂಗ್ ಮಾಡುವವರ ಅಲೆ. ಮೊಣಕಾಲ ನೀರಲ್ಲಿ ನಿಂತರೂ ವಾಪಸ್ ಹೋಗುವಾಗ ಕಾಲಡಿಯ ಮರಳು ಎಳೆದುಕೊಂಡು ಹೋಗುತ್ತೆ.

ನನ್ನ ಓಟು ಡಾನಾ ಪಾಯಿಂಟ್‌ನ ಡೊಹೆನಿಗೆ. ಕ್ಯಾಲಿಫೋರ್ನಿಯಾದ ಮೊದಲ ಸ್ಟೇಟ್ ಬೀಚ್ ಅದು, 1931ರದ್ದು. ಪಕ್ಕದಲ್ಲೇ ಬಂದರಿನ ಕಲ್ಲಿನ ತಡೆಗೋಡೆ ಇರೋದರಿಂದ ಅಲೆ ಮೆತ್ತಗೆ ಬರುತ್ತೆ. ಕಾರು ನಿಲ್ಲಿಸಿದ ಪಕ್ಕದಲ್ಲೇ ಹುಲ್ಲುಹಾಸು, ಮರ, ಊಟದ ಮೇಜು. ಹುಲ್ಲು ಮುಗಿದ ಮೇಲೆ ಮರಳು. ಬೆಳಗ್ಗೆ 6ಕ್ಕೆ ಗೇಟ್ ತೆಗೀತಾರೆ. ಒಂದು ಕೊರತೆ ಹೇಳಲೇಬೇಕು. ನೀರಿನ ಅಂಚಲ್ಲಿ ಉರುಟು ಕಲ್ಲುಗಳಿವೆ, ಬರಿಗಾಲಲ್ಲಿ ಚುಚ್ಚುತ್ತೆ. ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಹಾಕಿಸಿ. ಸ್ಯಾನ್ ವಾನ್ ಹೊಳೆ ಅಲ್ಲೇ ಸಮುದ್ರ ಸೇರುತ್ತೆ. ಅದರ ಬಾಯಿಯಿಂದ ದೂರ ಇರಿ. ಮಳೆ ಬಂದರೆ ಮೂರು ದಿನ ನೀರಿಗೆ ಇಳಿಯಬಾರದು, ಊರ ಕೊಳೆಯೆಲ್ಲ ಬಂದಿರುತ್ತೆ. ಜುಲೈನಲ್ಲಿ ಆ ಭಯ ಇಲ್ಲ.

ಇನ್ನು ಚಳಿ. ಮಲ್ಪೆ ನೀರು 28 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಕಾಲಿಟ್ಟರೆ ಬೆಚ್ಚಗೆ. ಇಲ್ಲಿ ಜುಲೈ ಆಗಸ್ಟ್‌ನಲ್ಲೂ 19, 20. ಉತ್ತರದಿಂದ ತಣ್ಣನೆಯ ಪ್ರವಾಹ ದಡದುದ್ದಕ್ಕೂ ಇಳಿದು ಬರುತ್ತೆ. ಅದಕ್ಕೇ. ಅಮ್ಮನಿಗೆ ಮೊದಲೇ ಹೇಳಿ, ಮೊದಲ ಅಲೆಗೆ ಬೆಚ್ಚಿ ಹಿಂದೆ ಹೆಜ್ಜೆ ಇಟ್ಟರೆ ಬೀಳ್ತಾರೆ. ಇಬ್ಬರು ಎರಡೂ ಕೈ ಹಿಡಿದಿರಿ. ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳೋದು ಬೇಡವೇ ಬೇಡ.

ಚಳ್ಳಕೆರೆ ಮಗಳು, ಪಾಮ್ ಡೆಸರ್ಟ್

ಅಣ್ಣ, ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. "ಮಲ್ಪೆಯವರಾ?" ಅಂತ ಎರಡು ಸಲ ಕೇಳಿದರು.

ದಾರಿ ಹೇಗೆ? ಮ್ಯಾಪ್‌ನಲ್ಲಿ ಆರ್ಟೆಗಾ ಹೈವೇ ತೋರಿಸ್ತಿದೆ, ಮೈಲಿ ಕಮ್ಮಿ. ಅಮ್ಮ ಸೀರೆ ಬಿಟ್ಟು ಬೇರೆ ಉಡೋದಿಲ್ಲ. ಊಟಕ್ಕೆ ಏನು ಮಾಡೋದು?

ಕರೋನಾ ಟ್ರಾಫಿಕ್

ಆರ್ಟೆಗಾ ಬೇಡ. ಅದು 74ನೇ ಹೈವೇ. ಲೇಕ್ ಎಲ್ಸಿನೋರ್‌ನಿಂದ ಬೆಟ್ಟ ಹತ್ತಿ ಸ್ಯಾನ್ ವಾನ್ ಕ್ಯಾಪಿಸ್ಟ್ರಾನೊಗೆ ಇಳಿಯುತ್ತೆ. ಹೋಗೋಕೆ ಒಂದೇ ಲೇನ್, ಬರೋಕೆ ಒಂದೇ ಲೇನ್, ಬರೀ ತಿರುವು. ಆಗುಂಬೆ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುವವರು ಇದ್ದರೆ ಇಲ್ಲೂ ಮಾಡಿಕೊಳ್ತಾರೆ.

10ನೇ ಫ್ರೀವೇ ಹಿಡಿಯಿರಿ, ಆಮೇಲೆ 60, ಆಮೇಲೆ 91, 55, ಕೊನೆಗೆ 5 ಸೌತ್. 120 ಮೈಲಿ ಚಿಲ್ಲರೆ. ಖಾಲಿ ರಸ್ತೆಯಲ್ಲಿ ಎರಡು ಗಂಟೆ ಸ್ವಲ್ಪ ಜಾಸ್ತಿ. ಆದರೆ 91 ಖಾಲಿ ಇರೋದು ಯಾವಾಗ ಹೇಳಿ? ನಾನು ಇದೇ ರಸ್ತೆಯಲ್ಲಿ ಒಂಬತ್ತು ವರ್ಷ ಕೆಲಸಕ್ಕೆ ಹೋಗಿದ್ದೀನಿ. ವಾರದ ದಿನ ಕರೋನಾ ಊರನ್ನು ಆರು ಗಂಟೆಯ ಒಳಗೆ ದಾಟದಿದ್ದರೆ ಸಿಕ್ಕಿಕೊಂಡ ಹಾಗೆ. ಶನಿವಾರ ಭಾನುವಾರ ಬೆಳಗ್ಗೆ ಸುಲಭ, ಆದರೆ ಪಾರ್ಕಿಂಗ್ ಹತ್ತು ಗಂಟೆಗೇ ತುಂಬುತ್ತೆ. ವಾರದ ದಿನ ನಾಲ್ಕೂವರೆಗೆ ಮನೆ ಬಿಡಿ. 241 ಟೋಲ್ ರಸ್ತೆ ಹಿಡಿದರೆ ಗದ್ದಲ ತಪ್ಪುತ್ತೆ, ಆದರೆ ಅಲ್ಲಿ ನಗದು ತಗೊಳ್ಳೋಲ್ಲ, ಆಮೇಲೆ ಆನ್‌ಲೈನ್‌ನಲ್ಲಿ ಕಟ್ಟಬೇಕು. ಮರೆತರೆ ದಂಡ.

ವಾಪಸ್ ಬರುವಾಗ ಮೂರರಿಂದ ಏಳರವರೆಗೆ 91 ಹತ್ತಬೇಡಿ. ಒಂದೋ ಎರಡಕ್ಕೆ ಹೊರಡಿ, ಇಲ್ಲ ಸೂರ್ಯ ಮುಳುಗೋದು ನೋಡಿಕೊಂಡೇ ಬನ್ನಿ.

ಇಂಡಿಯೊ ಅಜ್ಜಿ

ಮಗಳೇ, ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಮಗ ಸೊಸೆ ಇಬ್ಬರಿಗೂ ಕೆಲಸ, ನನಗೆ ಕಾರು ಬರಲ್ಲ. ಸಮುದ್ರಕ್ಕೆ ಹೋಗಿದ್ದು ಎರಡೇ ಸಲ. ಎರಡು ಸಲದಲ್ಲಿ ಕಲಿತಿದ್ದು ಹೇಳ್ತೀನಿ.

ಸೀರೆ ಉಡಲಿ, ಬಿಡಿ. ಕಾಟನ್ ಬೇಡ, ಒದ್ದೆಯಾದರೆ ಕಲ್ಲಿನ ಹಾಗೆ ಭಾರ, ಒಣಗೋದೂ ಇಲ್ಲ. ತೆಳು ಸಿಂಥೆಟಿಕ್ ಸೀರೆ ಒಳ್ಳೇದು. ಪಾದಕ್ಕಿಂತ ಒಂದು ಗೇಣು ಮೇಲೆ ಉಟ್ಟು, ನೆರಿಗೆಗೆ ದೊಡ್ಡ ಪಿನ್ನು ಹಾಕಿ, ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಒಳಗೆ ಲೆಗಿಂಗ್ಸ್ ಹಾಕಿಸಿ, ಗಾಳಿಗೆ ಮುಜುಗರ ಇರಲ್ಲ. ಇನ್ನೊಂದು ಸೀರೆ, ಲಂಗ ಕಾರಲ್ಲಿ ಇಟ್ಟಿರಿ.

ಸ್ವೆಟರ್! ಇದನ್ನು ಮರೆಯಬೇಡಿ. ಮನೆಯಲ್ಲಿ ಬೆಂಕಿ, ಹಾಗಾಗಿ ಯಾರಿಗೂ ಸ್ವೆಟರ್ ನೆನಪೇ ಆಗಲ್ಲ. ಅಲ್ಲಿ ಬೆಳಗ್ಗೆ ಮೋಡ, ಗಾಳಿ. ಮೊದಲ ಸಲ ನಾನು ಕಾರಿನ ಸೀಟ್ ಮೇಲಿದ್ದ ಟವೆಲ್ ಹೊದ್ದು ಕೂತಿದ್ದೆ.

ಊಟಕ್ಕೆ ಪುಳಿಯೋಗರೆ. ಮೊಸರನ್ನ ಬೇಕಾದರೆ ಐಸ್ ಡಬ್ಬಿಯಲ್ಲಿ. ಚಿತ್ರಾನ್ನಕ್ಕೆ ಈರುಳ್ಳಿ ಹಾಕಿದರೆ ಮಧ್ಯಾಹ್ನಕ್ಕೆ ವಾಸನೆ. ಡಬ್ಬಿ ಮುಚ್ಚಳ ತೆಗೆದಿಡಬೇಡಿ, ಅಲ್ಲಿನ ಬೆಳ್ಳಕ್ಕಿಯಂಥ ದೊಡ್ಡ ಹಕ್ಕಿಗಳು ಕೈಯಿಂದಲೇ ಕಿತ್ತುಕೊಂಡು ಹೋಗ್ತವೆ. ದಾರಿಗೆ ನಮ್ಮ ಇಂಡಿಯೊ ಖರ್ಜೂರ ಇಟ್ಟುಕೊಳ್ಳಿ.

ಮಲ್ಪೆಯಿಂದ ಅರ್ವೈನ್‌ಗೆ

ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಸೇರಿಸ್ತೀನಿ. ಬೇಸಿಗೆಯಲ್ಲಿ ತೆಳು ನೀರಲ್ಲಿ ತೊರಕೆ ಮೀನು ಮರಳೊಳಗೆ ಅವಿತುಕೊಂಡಿರುತ್ತೆ. ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಚುಚ್ಚುತ್ತೆ, ವಿಪರೀತ ನೋವು. ಸೀಲ್ ಬೀಚ್ ಕಡೆ ಜಾಸ್ತಿ, ಉಳಿದ ಕಡೆಯೂ ಇರುತ್ತೆ. ಪಾದ ಎತ್ತಿ ಎತ್ತಿ ಇಡಬೇಡಿ, ಮರಳಲ್ಲಿ ಎಳೆದುಕೊಂಡು ನಡೀರಿ. ಸದ್ದಿಗೆ ಅದೇ ಓಡಿಹೋಗುತ್ತೆ. ಚುಚ್ಚಿದರೆ ತಕ್ಷಣ ಲೈಫ್‌ಗಾರ್ಡ್ ಹತ್ತಿರ ಹೋಗಿ, ತಡೆಯುವಷ್ಟು ಬಿಸಿ ನೀರಲ್ಲಿ ಕಾಲು ಇಡಿಸ್ತಾರೆ.

ರಿವರ್‌ಸೈಡ್ ರಂಗ

ಹಿರಿಯರು ಬಂದಿದ್ದಾರೆ ಅಂದಮೇಲೆ ಮಾಲಿಬು ದೇವಸ್ಥಾನವನ್ನೂ ಸೇರಿಸಬಹುದಲ್ವಾ? ವೆಂಕಟೇಶ್ವರನ ದರ್ಶನ, ಅಲ್ಲಿಂದ ಬೆಟ್ಟ ಇಳಿದರೆ ಸಮುದ್ರ.

ಕರೋನಾ ಟ್ರಾಫಿಕ್

ಲಾಸ್ ಏಂಜಲೀಸ್ ಊರನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು, ರಂಗ. ಹೋಗೋಕೆ ಮೂರು ಗಂಟೆ ಆದರೆ ಅದೃಷ್ಟ. ಅದನ್ನು ಇನ್ನೊಂದು ದಿನಕ್ಕೆ ಇಡಿ. ದೇವರ ದರ್ಶನ ಬೇಕೇ ಬೇಕು ಅಂದರೆ ಚೀನೋ ಹಿಲ್ಸ್‌ನ ಸ್ವಾಮಿನಾರಾಯಣ ಮಂದಿರ ಇದೆ, ಸ್ವಲ್ಪ ಬಳಸು ದಾರಿ ಅಷ್ಟೇ. ಹಂಟಿಂಗ್ಟನ್‌ಗೆ ಹೋಗುವವರು ವಾಪಸ್ ಬರುವಾಗ ಆರ್ಟೀಶಿಯಾದಲ್ಲಿ ದೋಸೆ ತಿನ್ನಬಹುದು. ಪಯೊನೀರ್ ಬುಲೆವಾರ್ಡ್ ತುಂಬ ನಮ್ಮವರ ಅಂಗಡಿ, 91ಕ್ಕೆ ಅಂಟಿಕೊಂಡೇ ಇದೆ.

ಟೆಮೆಕ್ಯುಲಾ ತೋಟ

ಓಶನ್‌ಸೈಡ್ ಹೆಸರು ಯಾರೂ ಹೇಳಲಿಲ್ಲವಲ್ಲ. 60, 215, 15, ಆಮೇಲೆ 76 ಹಿಡಿದು ಬನ್ನಿ, 91ರ ಗೋಳೇ ಇಲ್ಲ. ಅಲ್ಲಿ ಸ್ಟ್ರ್ಯಾಂಡ್ ಅಂತ ರಸ್ತೆ ಬೀಚ್ ಪಕ್ಕದಲ್ಲೇ ಹೋಗುತ್ತೆ. ನಮ್ಮ ಮಾವನಿಗೆ ನಡೆಯೋಕೆ ಆಗ್ತಿರಲಿಲ್ಲ. ಕಾರಿನ ಕಿಟಕಿ ಇಳಿಸಿ ಕೂತಲ್ಲೇ ಒಂದು ಗಂಟೆ ಅಲೆ ನೋಡಿದರು. ಉದ್ದದ ಮರದ ಪಿಯರ್ ಇದೆ. 2024ರ ಏಪ್ರಿಲ್‌ನಲ್ಲಿ ಅದರ ತುದಿಗೆ ಬೆಂಕಿ ಬಿತ್ತು, ಹಾಗಾಗಿ ಹೋಗುವ ಮೊದಲು ಎಲ್ಲಿಯವರೆಗೆ ಬಿಡ್ತಾರೆ ವಿಚಾರಿಸಿ. ಪಿಯರ್‌ನ ಉತ್ತರಕ್ಕೆ ಮರಳು ಚೆನ್ನಾಗಿದೆ, ದಕ್ಷಿಣಕ್ಕೆ ಕೊಚ್ಚಿಹೋಗಿ ಕಲ್ಲು ಜಾಸ್ತಿ.

ಮಲ್ಪೆಯಿಂದ ಅರ್ವೈನ್‌ಗೆ

ಇದು ನನಗೆ ಹೊಳೆದೇ ಇರಲಿಲ್ಲ. ನಡೆಯೋಕೆ ಆಗದವರಿಗೆ ಓಶನ್‌ಸೈಡೇ ಸರಿ. ಹತ್ತು ನಿಮಿಷ ನಡೆಯುವವರಿಗೆ, ಅಲೆಯಲ್ಲಿ ನಿಲ್ಲಬೇಕು ಅನ್ನುವವರಿಗೆ ನಾನು ಈಗಲೂ ಡೊಹೆನಿ ಅಂತೀನಿ. ಅಪ್ಪನ ಪಿಯರ್‌ಗೆ ಪಕ್ಕದ ಸ್ಯಾನ್ ಕ್ಲೆಮೆಂಟೆ ಇದೆ, ಹತ್ತು ಹದಿನೈದು ನಿಮಿಷ. 1,296 ಅಡಿ. ಬುಡದಲ್ಲೇ ರೈಲು ಹಳಿ, ರೈಲು ಬಂದರೆ ಮೊಮ್ಮಗ ಕುಣಿದಾಡ್ತಾನೆ.

ಹೊಸಬ 22

ಒಂದು ಅನುಮಾನ. ಇಲ್ಲಿ ಇಷ್ಟು ಬಿಸಿಲು, ಎರಡು ಗಂಟೆ ದೂರದಲ್ಲಿ ಮೋಡ, ಸ್ವೆಟರ್ ಅಂತೀರಲ್ಲ, ಹೇಗೆ?

ಮಲ್ಪೆಯಿಂದ ಅರ್ವೈನ್‌ಗೆ

ಎರಡಕ್ಕೂ ನಂಟಿದೆ. ತಣ್ಣನೆಯ ನೀರಿನ ಮೇಲಿನ ಗಾಳಿ ತಂಪಾಗಿ ತಗ್ಗು ಮೋಡ ಕಟ್ಟುತ್ತೆ. ಮೇ, ಜೂನ್‌ನಲ್ಲಿ ಜಾಸ್ತಿ, ಜುಲೈನಲ್ಲೂ ಬೆಳಗ್ಗೆ ಇರುತ್ತೆ, ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಬಿಡುತ್ತೆ. ಮರುಭೂಮಿಯ ಬಿಸಿ ಗಾಳಿ ಮೇಲೇರಿದಾಗ ಆ ಜಾಗ ತುಂಬೋಕೆ ಕರಾವಳಿ ಕಡೆಯ ತಂಪು ಗಾಳಿ ನುಗ್ಗುತ್ತೆ. ಪಾಮ್ ಸ್ಪ್ರಿಂಗ್ಸ್ ದಾಟಿದ ಮೇಲೆ 10ನೇ ಫ್ರೀವೇ ಪಕ್ಕ ಸಾಲು ಸಾಲು ಗಾಳಿಯಂತ್ರ ನೋಡಿದ್ದೀರಲ್ಲ, ಸ್ಯಾನ್ ಗೊರ್ಗೋನಿಯೊ ಕಣಿವೆ? ಎರಡು ಬೆಟ್ಟದ ನಡುವಿನ ಆ ಸಂದಿಯಲ್ಲಿ ನುಗ್ಗುವ ಗಾಳಿ ಸಮುದ್ರದ ಕಡೆಯದ್ದು.

2024ರ ಜುಲೈ 5ರಂದು ಪಾಮ್ ಸ್ಪ್ರಿಂಗ್ಸ್‌ನಲ್ಲಿ 124 ಡಿಗ್ರಿ ಆಯ್ತು, ಆ ಊರಿನ ದಾಖಲೆ. ಅಂಥ ಬಿಸಿಲಲ್ಲಿ ಇರುವವರು ಇಲ್ಲಿನ ಮೋಡ ನೋಡಿ ಬೇಜಾರು ಮಾಡಿಕೊಳ್ಳೋದು ಬೇಡ. ಆದರೆ ಮೋಡ ಇದ್ದರೂ ಚರ್ಮ ಸುಡುತ್ತೆ, ಮಗುವಿಗೆ ಸನ್‌ಸ್ಕ್ರೀನ್ ಹಚ್ಚಿ.

ಚಳ್ಳಕೆರೆ ಮಗಳು, ಪಾಮ್ ಡೆಸರ್ಟ್

ತೀರ್ಮಾನ ಆಯ್ತು. ಬುಧವಾರ, ಡೊಹೆನಿ. ಯಜಮಾನರು ರಜ ಹಾಕಿದ್ದಾರೆ. ಬಂದು ಬರೀತೀನಿ.

ಚಳ್ಳಕೆರೆ ಮಗಳು, ಪಾಮ್ ಡೆಸರ್ಟ್

ಹೋಗಿ ಬಂದೆವು! ನಿನ್ನೆ ರಾತ್ರಿ ಹತ್ತೂವರೆಗೆ ಮನೆ. ಮಗನನ್ನು ಶಾಲೆಯ ಬೇಸಿಗೆ ಶಿಬಿರಕ್ಕೆ ಬಿಟ್ಟು ಬಂದು ಈಗ ಕೂತು ಬರೀತಿದ್ದೀನಿ.

ನಾಲ್ಕೂವರೆ ಅಂದುಕೊಂಡಿದ್ದು ಐದಾಯ್ತು. ಗಾಳಿಯಂತ್ರ ಬರುವಾಗ ಆಗತಾನೇ ಬೆಳಕು. ಅಮ್ಮ "ಅರೆ, ನಮ್ಮ ಚಿತ್ರದುರ್ಗದ ಗುಡ್ಡದ ಮೇಲೆ ಇದ್ದಂಗೇ ಇದಾವಲ್ಲ" ಅಂದರು. ಅಣ್ಣ ಹೇಳಿದ ಗಾಳಿಯ ವಿಷಯ ಹೇಳಿದೆ. ಕಿಟಕಿ ಸ್ವಲ್ಪ ಇಳಿಸು ಅಂದರು, ಇಳಿಸಿದೆ. ಮೂಗು ಆಚೆ ಮಾಡಿ ಉಸಿರು ಎಳೆದುಕೊಂಡರು. ಐದಕ್ಕೆ ಹೊರಟಿದ್ದಕ್ಕೆ ಕರೋನಾದಲ್ಲಿ ಮುಕ್ಕಾಲು ಗಂಟೆ ನಿಂತೆವು. ಟ್ರಾಫಿಕ್ ಸರ್ ಹೇಳಿದ ಹಾಗೆ ಆರರ ಒಳಗೆ ದಾಟಬೇಕಿತ್ತು. ಅಪ್ಪನಿಗೆ ಮಾತ್ರ ಆ ಸಾಲು ಸಾಲು ಕಾರು ನೋಡೋದೇ ಒಂದು ಸಂತೋಷ.

ಎಂಟರ ಹೊತ್ತಿಗೆ ಡೊಹೆನಿ. ಪೂರ್ತಿ ಬೂದು ಬಣ್ಣ. ಆಕಾಶ ಎಲ್ಲಿ ಮುಗೀತು, ನೀರು ಎಲ್ಲಿ ಶುರುವಾಯ್ತು ಗೊತ್ತಾಗ್ತಿರಲಿಲ್ಲ. ಕಾರು 64 ಡಿಗ್ರಿ ತೋರಿಸ್ತು. ಹಿಂದಿನ ಸಂಜೆ ನಮ್ಮ ಮನೆ ಮುಂದೆ 112. ಅಜ್ಜಿ, ಸ್ವೆಟರ್ ಮಾತು ಹೇಳಿ ಪುಣ್ಯ ಕಟ್ಟಿಕೊಂಡಿರಿ. ಅಪ್ಪ ಮಂಕಿ ಟೋಪಿ ಕೂಡ ತಂದಿದ್ದರು, ನಮಗೆ ಗೊತ್ತೇ ಇರಲಿಲ್ಲ.

ಹುಲ್ಲಿನ ಪಕ್ಕದಲ್ಲೇ ಕಾರು ನಿಲ್ಲಿಸಲು ಜಾಗ ಸಿಕ್ಕಿತು. ಅಮ್ಮನನ್ನು ಮೇಜಿನ ಹತ್ತಿರ ಕೂರಿಸಿ ಫ್ಲಾಸ್ಕ್ ಕಾಫಿ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಮೊದಲು ಅಲ್ಲಿಗೆ ಹೋಗಣ." ಹಾರನ್ ಹೊಡೆಯುವ ಬಸ್ ನೆನಪಿತ್ತೋ ಏನೋ.

ಒಂದು ಕಡೆ ನಾನು, ಇನ್ನೊಂದು ಕಡೆ ಯಜಮಾನರು. ಉರುಟು ಕಲ್ಲು ಇರುವ ಕಡೆ ಬಿಟ್ಟು ಬರೀ ಮರಳು ಇರುವಲ್ಲಿ ಇಳಿದೆವು. ಪಾದ ಎಳೆದುಕೊಂಡು ನಡೀಬೇಕು ಅಂದಿದ್ದಕ್ಕೆ ಅಮ್ಮ "ನಾನು ನಡಿಯೋದೇ ಹಂಗಲ್ಲೇನೆ" ಅಂದರು. ಮೊದಲ ಅಲೆ ಬರೀ ಬೆರಳು ಮುಟ್ಟಿ ಹೋಯ್ತು. ಎರಡನೆಯದು ಕಣಕಾಲಿಗೆ ಬಂತು. ಅಮ್ಮ ನನ್ನ ಕೈ ಎಷ್ಟು ಗಟ್ಟಿ ಹಿಡಿದರು ಅಂದರೆ ಬಳೆ ಒತ್ತಿದ ಗುರುತು ಮಧ್ಯಾಹ್ನದವರೆಗೂ ಇತ್ತು. ಆಮೇಲೆ ಬಗ್ಗಿ, ಒಂದು ಬೊಗಸೆ ನೀರು ತಗೊಂಡು ಕಣ್ಣಿಗೆ ಒತ್ತಿಕೊಂಡರು. ನಾಲಿಗೆಗೂ ಒಂದು ಹನಿ. "ಉಪ್ಪೇ ಕಣ್ರೀ!" ಅಂತ ಅಪ್ಪನ ಕಡೆ ತಿರುಗಿ ಕೂಗಿದರು. 67 ವರ್ಷ ಕೇಳಿಕೊಂಡು ಬಂದಿದ್ದನ್ನು ಖಾತ್ರಿ ಮಾಡಿಕೊಂಡ ಹಾಗೆ.

ನಲವತ್ತು ನಿಮಿಷ ಅಲ್ಲೇ ನಿಂತರು. ಮಂಡಿ ನೋಯ್ತಾ ಅಂದರೆ "ತಣ್ಣೀರಿಗೆ ಹಾಯಾಗಿದೆ, ಸುಮ್ನಿರು."

ಹನ್ನೊಂದೂವರೆಗೆ ಮೋಡ ಬಿಟ್ಟಿತು. ಊಟದ ಹೊತ್ತಿಗೆ ಒಂದು ಸೀಗಲ್ ನಮ್ಮ ಹಪ್ಪಳ ಹೊತ್ತುಕೊಂಡು ಹೋಯ್ತು. ಮಧ್ಯಾಹ್ನ ಅಮ್ಮ ಹುಲ್ಲಿನ ಮೇಲೆ ಜಮಖಾನ ಹಾಸಿ ಮಲಗಿದರು, ನಾನು ಮಗನ ಜೊತೆ ಮರಳಲ್ಲಿ. ಐದಕ್ಕೆ ಸ್ಯಾನ್ ಕ್ಲೆಮೆಂಟೆ. ಪಿಯರ್ ಹತ್ತಿರದ ಪಾರ್ಕಿಂಗ್ ತುಂಬಿತ್ತು. ನಮ್ಮನ್ನು ಇಳಿಸಿ ಯಜಮಾನರು ಕಾರು ಎಲ್ಲೋ ದೂರ ಬಿಟ್ಟು ಬಂದರು. ಅಮ್ಮ ಬೆಂಚಿನ ಮೇಲೆ ಕೂತರು. ಅಪ್ಪ ಮೊಮ್ಮಗನ ಕೈ ಹಿಡಿದು ತುದಿಯವರೆಗೆ ಹೋಗಿ, ಬಂದು, ಮತ್ತೊಂದು ಸಲ ಹೋದರು. ರೈಲು ಎರಡು ಸಲ ಬಂತು.

ಹೋಗುವವರಿಗೆ ಒಂದು ಮಾತು. ಡೊಹೆನಿಯಲ್ಲಿ ಶೌಚಾಲಯ ಹತ್ತಿರ ಇದೆ, ಆದರೆ ನೆಲ ಒದ್ದೆ, ಜಾರುತ್ತೆ. ಹಿರಿಯರನ್ನು ಒಬ್ಬರೇ ಕಳಿಸಬೇಡಿ.

ಮಲ್ಪೆಯಿಂದ ಅರ್ವೈನ್‌ಗೆ

ಓದಿ ತುಂಬ ಖುಷಿ ಆಯ್ತು. ನಮ್ಮೂರಲ್ಲಿ ಅವರಿಗೆ ಸಿಗದೇ ಹೋಗಿದ್ದು ಇಲ್ಲಿ ಸಿಕ್ತಲ್ಲ. ಅಮ್ಮನಿಗೆ ನಮಸ್ಕಾರ ಹೇಳಿ. ಚಳಿಗಾಲದವರೆಗೆ ಇರ್ತಾರಾದರೆ ಕ್ರಿಸ್ಟಲ್ ಕೋವ್‌ಗೆ ಕರೆದುಕೊಂಡು ಬನ್ನಿ. ಚಳಿಗಾಲದಲ್ಲಿ ಹಗಲು ಹೊತ್ತಲ್ಲೇ ನೀರು ಚೆನ್ನಾಗಿ ಇಳಿಯುತ್ತೆ, ಬಂಡೆ ಗುಂಡಿಗಳಲ್ಲಿ ನಕ್ಷತ್ರ ಮೀನು ನೋಡಬಹುದು. ಚಿಪ್ಪು ಮಾತ್ರ ತರೋ ಹಾಗಿಲ್ಲ, ಅದು ರಕ್ಷಿತ ಜಾಗ.

ಚಳ್ಳಕೆರೆ ಮಗಳು, ಪಾಮ್ ಡೆಸರ್ಟ್

ಖಂಡಿತ ಅಣ್ಣ. ಅವರ ವಾಪಸ್ ಟಿಕೆಟ್ ಡಿಸೆಂಬರ್‌ಗೆ.

ಇನ್ನೊಂದು ವಿಷಯ. ನಾನು ಈ ಚರ್ಚೆಯನ್ನೆಲ್ಲ ಅಮ್ಮನಿಗೆ ಓದಿ ಹೇಳ್ತಿದ್ದೆನಲ್ಲ, ಅವರು ಬೆಳಗ್ಗೆಯಿಂದ ಒಂದೇ ಕೇಳ್ತಿದ್ದಾರೆ. "ಹನ್ನೊಂದು ವರ್ಷದಲ್ಲಿ ಎರಡೇ ಸಲ ಹೋಗಿರೋ ಆ ಇಂಡಿಯೊದವರನ್ನ ಯಾಕೆ ಕರೀಲಿಲ್ಲ ನೀನು?" ಮುಂದಿನ ತಿಂಗಳು ಇನ್ನೊಂದು ಬುಧವಾರ ಹೋಗ್ತಿದ್ದೀವಿ. ನಮ್ಮದು ಏಳು ಸೀಟಿನ ಗಾಡಿ, ಜಾಗ ಇದೆ. ಇಂಡಿಯೊ ನಮಗೆ ಇಪ್ಪತ್ತು ನಿಮಿಷ. ಅಜ್ಜಿ, ಬರ್ತೀರಾ?

ಇಂಡಿಯೊ ಅಜ್ಜಿ

ಬರ್ತೀನಿ ಮಗಳೇ. ಈ ಸಲ ನಾಲ್ಕೂವರೆಗೇ ಹೊರಡೋಣ. ಪುಳಿಯೋಗರೆ ನಾನು ತರ್ತೀನಿ, ನಿಮ್ಮಮ್ಮ ಖಾರ ಜಾಸ್ತಿ ತಿಂತಾರಾ, ಕಮ್ಮಿನಾ?